ಯಾವುದರ ಅನಂತರ?

ಬ್ರಹ್ಮಸೂತ್ರಗಳ ಮೊದಲನೆಯ ಶಬ್ದ 'ಅಥ' ಎಂಬುದು. ಅದಕ್ಕೆ 'ಅನಂತರ' ಎಂದರ್ಥ. ಯಾವುದರ ಅನಂತರ ಎಂಬುದನ್ನು ಸೂತ್ರಕಾರರು ಬಾಯಿಬಿಟ್ಟು ಹೇಳದೆ ಹೋದದ್ದರಿಂದ, ಎರಡಕ್ಷರದ ಆ ಒಂದು ಶಬ್ದದ ಮೇಲೆಯೇ ನಮ್ಮ ಆಚಾರ್ಯರು ಸುದೀರ್ಘವಾದ ವಿಚಾರವನ್ನು ನಡೆಸಬೇಕಾಯಿತು. ವೇದಾಧ್ಯಯನವನ್ನು ಮಾಡಿ, ಪೂರ್ವಮೀಮಾಂಸೆಯ ಕರ್ಮವಿಚಾರವನ್ನು ಮುಗಿಸಿ, ಕರ್ಮಫಲವು ಅಲ್ಪವೂ ಅಸ್ಥಿರವೂ ಆದುದೆಂದು ಕಂಡುಕೊಂಡ ಅನಂತರ ಎಂಬುದು, ನಮ್ಮ ಮೇಲುಕೋಟೆಯಲ್ಲಿ ನೆಲಸಿದ್ದ ರಾಮಾನುಜರ ಪಕ್ಷ. ಹಾಗಲ್ಲ, ಕರ್ಮವಿಚಾರವನ್ನು ಮಾಡದವನಿಗೂ ಬ್ರಹ್ಮಜಿಜ್ಞಾಸೆಯು ಹುಟ್ಟಬಹುದು. ನಿತ್ಯಾನಿತ್ಯವಿವೇಕ, ವೈರಾಗ್ಯ, ಶಮದಮಾದಿ ಸಂಪತ್ತು, ಮುಮುಕ್ಷುತ್ವ ಇವು ನಾಲ್ಕೂ ಒದಗಿದ ಅನಂತರ ಎಂಬುದು ಶಂಕರರ ಪಕ್ಷ. ಬಾಗಿಲಿಗೆ ಬಂದವನನ್ನು 'ನೀನು ಹಿಂದೆ ಯಾವ ಶಾಸ್ತ್ರವನ್ನು ಓದಿದೆ' ಎಂದು ಕೇಳಬೇಕೆ, 'ನೀನು ಈಗ ಎಂಥವನಾಗಿದ್ದೀಯೆ' ಎಂದು ಕೇಳಬೇಕೆ ಎಂಬುದೇ ಈ ವಿವಾದದ ತಿರುಳು. ಶತಮಾನಗಳ ಈ ಜಗಳವು ಒಂದು ಸಂಜೆ ನನ್ನ ಮನೆಯ ಜಗುಲಿಯ ಮೇಲೆ ಬಂದು ಕುಳಿತದ್ದು ಎಂಸಿಎ ಎಂಬ ಗಣಕವಿದ್ಯೆಯ ಸ್ನಾತಕೋತ್ತರ ಪದವಿಯ ಪ್ರವೇಶದ ಅರ್ಜಿಯ ರೂಪದಲ್ಲಿ.

ಬಂದವನು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಹಳೆಯ ಶಿಷ್ಯ. ಜೊತೆಯಲ್ಲಿ ಅವನ ಮಗಳು. ಹುಡುಗಿ ಬಿ.ಕಾಂ. ಮುಗಿಸಿದ್ದಳು. ಪಿಯುಸಿಯಲ್ಲಿ ಗಣಿತವನ್ನು ಓದಿದ್ದಳಾದಕಾರಣ, ಯಾವುದೇ ವಿಷಯದ ಪದವೀಧರರಿಗೂ ಎಂಸಿಎ ಬಾಗಿಲು ತೆರೆದಿದೆಯೆಂಬ ನಿಯಮದ ಬಲದಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಪರೀಕ್ಷೆಗೆ ಕುಳಿತು, ತಕ್ಕಮಟ್ಟಿನ ರ್ಯಾಂಕನ್ನೂ ಪಡೆದಿದ್ದಳು. ಆದರೆ ಸೀಟು ಆರಿಸಿಕೊಳ್ಳುವುದಕ್ಕೆ ಮುಂಚೆ ವಿಚಾರಿಸಿಕೊಂಡು ಬರೋಣವೆಂದು ಹೋದ ಒಂದು ಕಾಲೇಜಿನಲ್ಲಿ ಅಧ್ಯಾಪಕರೊಬ್ಬರು, "ಕಾಮರ್ಸ್ ಓದಿದವರಿಗೆ ಇದು ಹತ್ತುವುದಿಲ್ಲಮ್ಮ, ಬಿಸಿಎ ಮಾಡಿದವರ ಜೊತೆ ನೀನು ಹೇಗೆ ಓಡುತ್ತೀಯೆ?" ಎಂದುಬಿಟ್ಟಿದ್ದರಂತೆ. ತಂದೆಗೆ ಬೇರೊಂದು ಶಂಕೆ. ಅವನು ನಿತ್ಯವೂ ಗೀತೆಯ ಪಾರಾಯಣ ಮಾಡುವವನು. "ಮೇಷ್ಟ್ರೇ, ಸ್ವಧರ್ಮದಲ್ಲಿ ಊನವಿದ್ದರೂ ಅದೇ ಮೇಲು, ಪರಧರ್ಮ ಭಯಾವಹ ಅಂತ ಭಗವಂತನೇ ಹೇಳಿದಾನಲ್ಲ. ಮೂರು ವರ್ಷ ಓದಿದ್ದನ್ನು ಬಿಟ್ಟು ಇವಳು ಬೇರೆಯವರ ಮನೆಗೆ ಹೋಗೋದು ಸರಿಯೇ? ಇಲ್ಲೂ ಇಲ್ಲ ಅಲ್ಲೂ ಇಲ್ಲ ಅಂತ ಆಗಿಹೋದರೆ?" ಎಂದು ಕೇಳಿದ. ಹುಡುಗಿ ತಲೆ ತಗ್ಗಿಸಿಕೊಂಡು ಅರ್ಜಿಯ ಅಂಚನ್ನು ಮಡಿಸುತ್ತಿದ್ದಳು.

ಐಹಿಕವಾದ ಒಂದು ವಿದ್ಯೆಗೆ, ಅದೂ ಸಂಬಳದ ವಿದ್ಯೆಗೆ, ವೇದಾಂತದ ಮಾತುಗಳನ್ನು ಹೊಂದಿಸುವುದು ಅವಿನಯವೆಂದು ಕೆಲವರು ಮೂಗುಮುರಿಯಬಹುದು. ಅವರಿಗೆ ಮುಂಡಕೋಪನಿಷತ್ತನ್ನು ನೆನಪಿಸಬೇಕು. ಅಲ್ಲಿ ಪರವಿದ್ಯೆ ಅಪರವಿದ್ಯೆ ಎಂದು ವಿಭಾಗ ಮಾಡುವಾಗ ಋಷಿಯು ನಾಲ್ಕು ವೇದಗಳನ್ನೂ ವ್ಯಾಕರಣಾದಿ ಅಂಗಗಳನ್ನೂ ಅಪರದ ಪಂಕ್ತಿಯಲ್ಲಿಯೇ ಕುಳ್ಳಿರಿಸಿದ್ದಾನೆ. ವೇದವೇ ಕುಳಿತ ಪಂಕ್ತಿಯ ಕೊನೆಯಲ್ಲಿ ಪ್ರೋಗ್ರಾಮಿಂಗಿಗೂ ಒಂದು ಎಲೆ ಹಾಕಿದರೆ ಮೈಲಿಗೆಯೇನೂ ಆಗದು. ಅದಲ್ಲದೆ, ಶಾಸ್ತ್ರಗ್ರಂಥಗಳ ಆರಂಭದಲ್ಲಿ ಹೇಳತಕ್ಕ ಅನುಬಂಧಚತುಷ್ಟಯ, ಎಂದರೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು, ಇಂದಿನ ಕಾಲೇಜುಗಳ ಪರಿಚಯಪುಸ್ತಿಕೆಗಳಲ್ಲಿಯೂ ತಪ್ಪದೆ ಇರುತ್ತವೆ. ಇಷ್ಟೇ ಭೇದ: ಶಾಸ್ತ್ರಕಾರರು ಪ್ರಯೋಜನವನ್ನು ಕೊನೆಗೆ ಹೇಳಿದರು, ಪುಸ್ತಿಕೆಯವರು ಅದನ್ನು ಮೊದಲನೆಯ ಪುಟದಲ್ಲಿ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ, ವರ್ಷಕ್ಕೆ ಇಷ್ಟು ಲಕ್ಷವೆಂದು ಅಚ್ಚು ಹಾಕಿಸುತ್ತಾರೆ.

ಸ್ವಧರ್ಮದ ಪ್ರಶ್ನೆಯನ್ನು ಮೊದಲು ನೋಡೋಣ. ಹದಿನೆಂಟನೆಯ ವಯಸ್ಸಿನಲ್ಲಿ, ಊರಿನಲ್ಲಿ ಇದ್ದದ್ದು ಅದೊಂದೇ ಕಾಲೇಜೆಂದೋ, ಬಸ್ಸು ಅಲ್ಲಿಯವರೆಗೆ ಮಾತ್ರ ಹೋಗುತ್ತದೆಂದೋ, ಅತ್ತೆಯ ಮಗನೂ ಅದನ್ನೇ ಓದಿದನೆಂದೋ ಸೇರಿದ ಪದವಿಯನ್ನು ಒಬ್ಬರ ಸ್ವಧರ್ಮವೆಂದು ಕರೆಯಬಹುದೆ? ಗೀತೆಯು ಕೊನೆಯ ಅಧ್ಯಾಯದಲ್ಲಿ ಅದೇ ಮಾತನ್ನು ಮತ್ತೆ ಎತ್ತಿಕೊಂಡಾಗ ಸ್ವಭಾವದಿಂದ ನಿಯತವಾದ ಕರ್ಮವೆಂದು ಬಿಡಿಸಿ ಹೇಳುತ್ತದೆ. ಸ್ವಭಾವವು ಅಂಕಪಟ್ಟಿಯಲ್ಲಿ ಮುದ್ರಿತವಾಗಿರುವುದಿಲ್ಲ. ಅನೇಕರಿಗೆ ಅದು ಇಪ್ಪತ್ತೆರಡು ಇಪ್ಪತ್ಮೂರಕ್ಕೆ, ಕೆಲವರಿಗೆ ನಲವತ್ತಕ್ಕೆ, ತನ್ನನ್ನು ತಾನು ತೋರಿಸಿಕೊಳ್ಳುತ್ತದೆ. ಸಂಬಳದ ಆಸೆಯಿಂದಲೇ ಹೊರಟವರೂ ಇಲ್ಲದಿಲ್ಲ. ಅರ್ಥವೂ ಪುರುಷಾರ್ಥಗಳಲ್ಲೊಂದಾದ್ದರಿಂದ ಅವರನ್ನು ನಾನು ಜರಿಯಲಾರೆ. ಆದರೆ ಹತ್ತು ಸಲ ನೋಡಿದರೂ ಕಣ್ಣಿಗೆ ಬೀಳದ ಒಂದು ಅರ್ಧವಿರಾಮ ಚಿಹ್ನೆಗಾಗಿ ರಾತ್ರಿ ಎರಡು ಗಂಟೆಯವರೆಗೆ ಪರದೆಯನ್ನು ದಿಟ್ಟಿಸಿಕೊಂಡು ಕುಳಿತಿರಬೇಕಾದಾಗ ಸಂಬಳದ ಆಸೆ ಅರ್ಧ ರಾತ್ರಿಗೇ ನಿದ್ದೆ ಹೋಗುತ್ತದೆ; ಅಲ್ಲಿಂದಾಚೆಗೆ ಎಚ್ಚರವಾಗಿರುವುದು ಶಮಾದಿಗಳಲ್ಲಿ ಎಣಿಸಿರುವ ತಿತಿಕ್ಷೆಯೆಂಬ ಸಹನೆ ಮಾತ್ರ.

'ಇಲ್ಲೂ ಇಲ್ಲ ಅಲ್ಲೂ ಇಲ್ಲ' ಎಂಬ ಭಯವು ಅರ್ಜುನನದೂ ಆಗಿತ್ತು. ಆರನೆಯ ಅಧ್ಯಾಯದಲ್ಲಿ ಅವನು, ಎರಡು ಕಡೆಯೂ ನೆಲೆ ತಪ್ಪಿದವನು ಹರಿದ ಮೋಡದಂತೆ ನಾಶವಾಗುವುದಿಲ್ಲವೆ ಎಂದು ಕೇಳುತ್ತಾನೆ. ಒಳ್ಳೆಯದನ್ನು ಮಾಡಿದವನಿಗೆ ದುರ್ಗತಿಯಿಲ್ಲ, ಹಿಂದಿನ ದೇಹದಲ್ಲಿ ಗಳಿಸಿದ ಬುದ್ಧಿಯು ಮುಂದಿನ ಜನ್ಮದಲ್ಲಿ ಅವನನ್ನು ಬಂದು ಕೂಡಿಕೊಳ್ಳುತ್ತದೆ, ಅವನು ಅಲ್ಲಿಂದಲೇ ಮುಂದುವರಿಯುತ್ತಾನೆ ಎಂಬುದು ಕೃಷ್ಣನ ಉತ್ತರ. ಜನ್ಮಾಂತರವನ್ನು ನಂಬದವರೂ ಈ ಮಾತಿನ ಸತ್ಯವನ್ನು ಒಂದೇ ಜನ್ಮದಲ್ಲಿ ಪರೀಕ್ಷಿಸಿ ನೋಡಬಹುದು. ನಾನು ನೋಡಿದೆ.

ಹುಡುಗಿ ಸೇರಿದಳು, ಬೇರೊಂದು ಕಾಲೇಜಿಗೆ. ಮೊದಲನೆಯ ತಿಂಗಳಿನಲ್ಲಿಯೇ ಅವಳಿಗೆ ದೊಡ್ಡ ಸಂಕಟವಾದದ್ದು ಒಂದು ಅತ್ಯಲ್ಪ ಸಂಗತಿಯಿಂದ. ಎಕ್ಸ್ ಸಮ ಎಕ್ಸ್ ಕೂಡು ಒಂದು ಎಂದು ಪಾಠದ ಮಧ್ಯದಲ್ಲಿ ಬೋರ್ಡಿನ ಮೇಲೆ ಬರೆದರಂತೆ. ಆಢಾವೆ ಪತ್ರಿಕೆಯ ಎರಡು ಬದಿಗಳೂ ಒಂದು ಪೈಸೆಯ ವ್ಯತ್ಯಾಸವಿಲ್ಲದೆ ಸರಿಹೊಂದಬೇಕೆಂದು ಮೂರು ವರ್ಷ ಕಲಿತುಬಂದವಳಿಗೆ, ಒಂದು ಬದಿಗಿಂತ ಇನ್ನೊಂದು ಬದಿ ಒಂದು ಹೆಚ್ಚಾಗಿದ್ದೂ ನಡುವೆ ಸಮಚಿಹ್ನೆಯಿರುವುದು ಕಳ್ಳಲೆಕ್ಕದಂತೆ ಕಂಡಿತು. ಆ ಚಿಹ್ನೆಯು ಇಲ್ಲಿ 'ಸಮ' ಎಂದು ಹೇಳುತ್ತಿಲ್ಲ, ಬಲಗಡೆಯದನ್ನು ಎಡಗಡೆಯ ಹೆಸರಿನಲ್ಲಿ 'ಇರಿಸು' ಎಂದು ಆಜ್ಞಾಪಿಸುತ್ತಿದೆ ಎಂದು ಅವಳಿಗೆ ತಿಳಿದದ್ದು ಎರಡು ದಿನಗಳಾದ ಮೇಲೆ. ಒಂದರ ಮೇಲೆ ಇನ್ನೊಂದನ್ನು ಆರೋಪಿಸಿಕೊಂಡು, ಆಮೇಲೆ ಅದನ್ನು ತೆಗೆದುಹಾಕುವ ಈ ಕ್ರಮಕ್ಕೆ ವೇದಾಂತಿಗಳಲ್ಲಿ ಅಧ್ಯಾರೋಪಾಪವಾದವೆಂಬ ದೊಡ್ಡ ಹೆಸರಿದೆ. ಪೂರ್ವಸಂಸ್ಕಾರವು ಕಾಲಿಗೆ ತೊಡರಿಕೊಳ್ಳುವುದೂ ಉಂಟೆಂಬುದನ್ನು ನಾನು ಮುಚ್ಚಿಡಲಾರೆ.

ಅದೇ ಸಂಸ್ಕಾರವು ಕೈಹಿಡಿದ ಪ್ರಸಂಗವನ್ನೂ ಹೇಳಬೇಕು. ದೀಪಾವಳಿಯ ರಜೆಗೆ ಬಂದಾಗ ಅವಳು ಡೇಟಾಬೇಸ್ ಪಾಠದ ಟಿಪ್ಪಣಿಯನ್ನು ನನ್ನ ಮುಂದೆ ಹರಡಿಕೊಂಡು ಕುಳಿತಳು. ಒಬ್ಬನ ಬ್ಯಾಂಕ್ ಖಾತೆಯಿಂದ ಐನೂರು ರೂಪಾಯಿ ಕಳೆದು ಇನ್ನೊಬ್ಬನ ಖಾತೆಗೆ ಕೂಡಿಸಬೇಕಾಗಿದೆ; ಕಳೆದಾಗಿದೆ, ಕೂಡಿಸುವಷ್ಟರಲ್ಲಿ ಕರೆಂಟು ಹೋಯಿತು; ಆಗ ಯಂತ್ರವು ಮತ್ತೆ ಎಚ್ಚೆತ್ತೊಡನೆ ಆ ಐನೂರನ್ನು ಮೊದಲಿನವನ ಖಾತೆಗೆ ಹಿಂದಿರುಗಿಸಿ, ಏನೂ ನಡೆದೇ ಇಲ್ಲವೆಂಬಂತೆ ಇರಬೇಕು; ವ್ಯವಹಾರವು ನಡೆದರೆ ಪೂರ್ತಿ ನಡೆಯಬೇಕು, ಇಲ್ಲವಾದರೆ ನಡೆಯಲೇಕೂಡದು. ಇದನ್ನು ಅವರು ಟ್ರಾನ್ಸಾಕ್ಷನ್ನಿನ ಅಖಂಡತೆ ಎನ್ನುತ್ತಾರೆ. "ತಾತ, ಬಿಸಿಎ ಓದಿ ಬಂದವರು ಇದನ್ನು ಬಾಯಿಪಾಠ ಮಾಡ್ತಿದ್ದರು. ನನಗೆ ಓದಬೇಕಾಗಲೇ ಇಲ್ಲ. ಜಮೆಯಿಲ್ಲದೆ ಖರ್ಚಿಲ್ಲ ಅಂತ ಅಪ್ಪ ದಿನಾ ಬರೆಯೋದು ಇದೇ ಅಲ್ಲವೆ?" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಪೂರ್ತಿ ಇದೇ ಅಲ್ಲ. ನಮ್ಮಲ್ಲಿ ತಪ್ಪಾದರೆ ತಿಂಗಳ ಕೊನೆಗೆ ತಾಳೆಪಟ್ಟಿ ಹಾಕಿದಾಗ ಸಿಕ್ಕುತ್ತೆ. ಇದು ತಪ್ಪನ್ನು ಒಳಕ್ಕೇ ಬಿಡೋದಿಲ್ಲ" ಎಂದು ಸೇರಿಸಿದಳು. 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ಜಮಾಖರ್ಚಿನ ಜೋಡಿ ನಮೂದನ್ನು ವಿವರಿಸಿದ ಲೂಕಾ ಪಚೋಲಿ ಎಂಬ ಸಂನ್ಯಾಸಿಯು ಆ ಹೊತ್ತಿನಲ್ಲಿ ಜಗುಲಿಯ ಮೇಲಿದ್ದಿದ್ದರೆ ಸಂತೋಷಪಡುತ್ತಿದ್ದನೆಂದು ನಾನು ಎಣಿಸುತ್ತೇನೆ. ಸಾಮ್ಯವನ್ನು ಕಾಣುವುದಕ್ಕಿಂತಲೂ ಸಾಮ್ಯವು ಎಲ್ಲಿ ಮುಗಿಯುತ್ತದೆಂಬುದನ್ನು ಕಾಣುವುದು ಕಠಿಣ. ಅದನ್ನು ಅವಳಿಗೆ ಕಾಣಿಸಿದ್ದು ಬಿಟ್ಟುಬಂದಳೆಂದು ತಂದೆ ಮರುಗಿದ ಆ ಬಿ.ಕಾಂ.

ಇನ್ನು ಈ ವಿದ್ಯೆಯ ಕುಲದ ಮಾತು. ಋಷಿಮೂಲ, ನದಿಮೂಲಗಳನ್ನು ಕೇಳಬಾರದೆಂಬುದು ನಮ್ಮವರ ಬುದ್ಧಿವಾದ. ಗಣಕವಿದ್ಯೆಯ ಮೂಲವನ್ನು ಮಾತ್ರ ಧಾರಾಳವಾಗಿ ಕೇಳಬಹುದು, ಏಕೆಂದರೆ ಅಲ್ಲಿ ಎಲ್ಲರೂ ಹೊರಗಿನಿಂದ ಬಂದವರೇ. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ 1949ರಲ್ಲಿ ಎಡ್ಸ್ಯಾಕ್ ಎಂಬ ಗಣಕಯಂತ್ರವನ್ನು ನಡೆಸಿದ ಮಾರಿಸ್ ವಿಲ್ಕ್ಸ್ ಅದಕ್ಕೆ ಮೊದಲು ವಾಯುಮಂಡಲದ ಮೇಲ್ಪದರಗಳಲ್ಲಿ ರೇಡಿಯೋ ಅಲೆಗಳ ಸಂಚಾರವನ್ನು ಕುರಿತು ಸಂಶೋಧನೆ ಮಾಡಿದವರು. ಅದೇ ವಿಶ್ವವಿದ್ಯಾನಿಲಯದಲ್ಲಿ 1953ರಲ್ಲಿ ಪದವೀಧರರಿಗಾಗಿ ಒಂದು ವರ್ಷದ ಡಿಪ್ಲೊಮಾ ಆರಂಭವಾದಾಗ, ಈ ವಿಷಯದಲ್ಲಿ ಪದವಿಯೆಂಬುದೇ ಇಲ್ಲದಿದ್ದುದರಿಂದ, ಸೇರಿದವರೆಲ್ಲ ಬೇರೆ ಶಾಸ್ತ್ರಗಳಿಂದ ಬಂದವರೇ ಆಗಬೇಕಾಗಿತ್ತು. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರನ್ನು ಮೊದಲು ರಚಿಸಿದವರಲ್ಲೊಬ್ಬರಾದ ಗ್ರೇಸ್ ಹಾಪರ್ ಗಣಿತದಲ್ಲಿ ಡಾಕ್ಟರೇಟ್ ಪಡೆದ ಅಧ್ಯಾಪಿಕೆ. ನಮ್ಮ ಪಾಣಿನಿಯೂ ಈ ಮನೆಗೆ ಹಿತ್ತಲ ಬಾಗಿಲಿನಿಂದ ಬಂದಿದ್ದಾನೆ: ಆಲ್ಗಾಲ್ ಎಂಬ ಗಣಕಭಾಷೆಯ ನಿಯಮಗಳನ್ನು ಬರೆಯಲು ಬಳಸಿದ, ಗಣಕವಿಜ್ಞಾನಿ ಬ್ಯಾಕಸರ ಸಂಕೇತಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಪೀಟರ್ ಇಂಗರ್ಮನ್ ಎಂಬವರು ಆ ಶಾಸ್ತ್ರದ ಪತ್ರಿಕೆಯಲ್ಲಿಯೇ ಸೂಚಿಸಿದರು. ಹೀಗಿರುವಲ್ಲಿ 'ನೀನು ನಮ್ಮವಳಲ್ಲ' ಎಂದು ಒಬ್ಬ ಹುಡುಗಿಗೆ ಹೇಳುವ ಹಕ್ಕು ಯಾರಿಗಿದೆಯೋ ನನಗೆ ಕಾಣದು.

ಒಂದು ವಿದ್ಯೆಗೆ ಯಾರು ಅರ್ಹರೆಂಬುದನ್ನು ಶಾಸ್ತ್ರದಲ್ಲಿ ಅಧಿಕಾರವೆನ್ನುತ್ತಾರೆ; ಆ ಶಬ್ದವನ್ನು ನಾನು ಭಯದಿಂದಲೇ ಬಳಸುತ್ತಿದ್ದೇನೆ. ಬ್ರಹ್ಮಸೂತ್ರಗಳ ಮೊದಲನೆಯ ಅಧ್ಯಾಯದಲ್ಲಿಯೇ, ಮುಂದೆ ಅಪಶೂದ್ರಾಧಿಕರಣದಲ್ಲಿ, ಅದೇ ಅಧಿಕಾರವಿಚಾರವು ಹುಟ್ಟನ್ನು ಹಿಡಿದು ಬಾಗಿಲು ಮುಚ್ಚುವ ಕೆಲಸಕ್ಕೆ ಒದಗಿತು. ಆರಂಭದಲ್ಲಿ ಗುಣವನ್ನೇ ಮುಂದಿಟ್ಟ ಶಂಕರರೂ ಅಲ್ಲಿ ಬಾಗಿಲನ್ನು ತೆರೆಯಲಿಲ್ಲ. ತೆರೆದವರು 12ನೆಯ ಶತಮಾನದ ಕಲ್ಯಾಣದ ಶರಣರು. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ ಇವರು ಅನುಭಾವದ ಗೋಷ್ಠಿಗೆ ಬಂದದ್ದು ತಮ್ಮ ಕಾಯಕವನ್ನು ಹೊಸ್ತಿಲಿನಾಚೆ ಬಿಟ್ಟಲ್ಲ. ಅದನ್ನು ಜೊತೆಯಲ್ಲಿ ತಂದರು, ಅದರ ಮಾತಿನಲ್ಲಿಯೇ ಮಾತನಾಡಿದರು.

ಈಗಿನ ವ್ಯವಸ್ಥೆಯ ವಿಷಯದಲ್ಲಿ ನನ್ನದೊಂದು ಆಕ್ಷೇಪವಿದೆ. ಮೊದಲು ಎಂಸಿಎ ಮೂರು ವರ್ಷದ್ದಾಗಿತ್ತು. ಬೇರೆ ವಿಷಯಗಳಿಂದ ಬಂದವರು ಮೊದಲನೆಯ ವರ್ಷದಲ್ಲಿ ನಿಧಾನವಾಗಿ ನೆಲೆಯೂರುತ್ತಿದ್ದರು, ಬಿಸಿಎ ಮುಗಿಸಿದವರು ನೇರವಾಗಿ ಎರಡನೆಯ ವರ್ಷಕ್ಕೆ ಬಂದು ಸೇರಿಕೊಳ್ಳುವ ಅವಕಾಶವೂ ಇತ್ತು. 2020-21ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಅದನ್ನು ಎರಡು ವರ್ಷಕ್ಕೆ ಇಳಿಸಿ, ಹೊರಗಿನವರಿಗೆ ಬ್ರಿಡ್ಜ್ ಕೋರ್ಸ್ ಎಂಬ ಸೇತುವನ್ನು ಕಟ್ಟುವ ಭಾರವನ್ನು ವಿಶ್ವವಿದ್ಯಾನಿಲಯಗಳಿಗೆ ಒಪ್ಪಿಸಿತು. ಗುಣವಿದ್ದರೆ ಸಾಕು ಎಂದು ಶಂಕರರಂತೆ ಬಾಗಿಲು ತೆರೆದು, ಪೂರ್ವಶಾಸ್ತ್ರವೂ ಬೇಕೆಂದು ರಾಮಾನುಜರಂತೆ ಹಿಂದಕ್ಕೆ ಕರೆದು, ಆ ಪೂರ್ವಶಾಸ್ತ್ರವನ್ನು ಮುಗಿಸುವುದಕ್ಕೆ ಮಾತ್ರ ಕಾಲಾವಕಾಶವನ್ನು ಕೊಡದ ಈ ಮೂರನೆಯ ಮತಕ್ಕೆ ಯಾವ ಆಚಾರ್ಯರ ಭಾಷ್ಯವೂ ಇದ್ದಂತಿಲ್ಲ. ನೇರವಾಗಿ ಎರಡನೆಯ ವರ್ಷಕ್ಕೆ ಸೇರುತ್ತಿದ್ದ ಬಿಸಿಎಯವರಿಗೆ ಮೊದಲೂ ಎರಡೇ ವರ್ಷ. ವರ್ಷವೊಂದು ಕಳೆದದ್ದು ಇಂಥ ಹುಡುಗಿಯರಿಗೆ.

ಛಾಂದೋಗ್ಯದ ಏಳನೆಯ ಅಧ್ಯಾಯದಲ್ಲಿ ನಾರದನು ಸನತ್ಕುಮಾರನ ಬಳಿಗೆ ಶಿಷ್ಯನಾಗಿ ಬರುತ್ತಾನೆ. ಬೇರೆ ಬೇರೆ ವಿಷಯಗಳ ಪದವೀಧರನೆಂದರೆ ಅವನೇ: ವೇದಗಳು, ಪುರಾಣ, ಗಣಿತ, ತರ್ಕ, ನಕ್ಷತ್ರವಿದ್ಯೆ, ಸರ್ಪವಿದ್ಯೆ ಎಲ್ಲವನ್ನೂ ಓದಿ, ಆದರೂ ದುಃಖ ತೀರಲಿಲ್ಲವೆಂದು ಬಂದವನು. ಸನತ್ಕುಮಾರನು ಅವನನ್ನು 'ಇಷ್ಟು ತಡವಾಗಿ ಏಕೆ ಬಂದೆ' ಎಂದು ಕೇಳಲಿಲ್ಲ, 'ನಿನಗೆ ಇದು ಹತ್ತುವುದಿಲ್ಲ' ಎಂದೂ ಅನ್ನಲಿಲ್ಲ. ಮೊದಲು ನಿನಗೆ ಏನು ಗೊತ್ತಿದೆಯೋ ಅದನ್ನು ಹೇಳು, ಅದರಿಂದ ಮುಂದಿನದನ್ನು ನಾನು ಹೇಳುತ್ತೇನೆ ಎಂದನು. ಓದಿದ್ದೆಲ್ಲವೂ ಬರಿಯ ನಾಮವೆಂದು ಆಮೇಲೆ ತಿಳಿಸಿದನಾದರೂ, ಆ ನಾಮವನ್ನೇ ಮೊದಲನೆಯ ಮೆಟ್ಟಿಲಾಗಿ ಮಾಡಿ, ಅಲ್ಲಿಂದ ವಾಕ್ಕಿಗೆ, ವಾಕ್ಕಿನಿಂದ ಮನಸ್ಸಿಗೆ, ಹೀಗೆ ಒಂದೊಂದಾಗಿ ಹತ್ತಿಸಿಕೊಂಡು ಭೂಮವೆಂಬ ಅನಂತದವರೆಗೆ ಕರೆದೊಯ್ದನು.

ಎಂಸಿಎ ಮೊದಲ ಸೆಮಿಸ್ಟರಿನ ಅಧ್ಯಾಪಕರಲ್ಲಿ ನನ್ನದೊಂದು ವಿಜ್ಞಾಪನೆ. ಮೊದಲನೆಯ ದಿನ ಹಾಜರಿ ಕರೆದಾದ ಮೇಲೆ, ರಸಾಯನಶಾಸ್ತ್ರದಿಂದಲೋ ಕಾಮರ್ಸಿನಿಂದಲೋ ಕನ್ನಡ ಸಾಹಿತ್ಯದಿಂದಲೋ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿರುವವರನ್ನು ಎಬ್ಬಿಸಿ ನಿಲ್ಲಿಸಿ, ಸನತ್ಕುಮಾರನು ಕೇಳಿದ ಆ ಪ್ರಶ್ನೆಯನ್ನು ತಾವೂ ಕೇಳಬೇಕು; ಅವರು ಹೇಳಿದ ಉತ್ತರವನ್ನು ಹಾಜರಿ ಪುಸ್ತಕದಲ್ಲಿ ಅವರವರ ಹೆಸರಿನ ಮುಂದೆ ಬರೆದಿಟ್ಟುಕೊಳ್ಳಬೇಕು.