ಸಂಗ್ರಹ, ಅತಿಸಂಗ್ರಹ ಮತ್ತು ನೆರೆಯ ನೀರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಮಳೆ ಕಡಿಮೆಯಾದ ಸೀಮೆಗೆ ಸೇರಿದವು. ಆದರೂ 2005, 2009 ಮತ್ತು 2019ರಲ್ಲಿ ಈ ಭಾಗದ ನದೀತೀರಗಳು ಪ್ರವಾಹಕ್ಕೆ ತುತ್ತಾದವು. ಕೃಷ್ಣೆ ಮಹಾಬಳೇಶ್ವರದಲ್ಲಿಯೂ ಘಟಪ್ರಭೆ ಸಹ್ಯಾದ್ರಿಯಲ್ಲಿಯೂ ಹುಟ್ಟಿ ಬರುವ ನದಿಗಳಾದುದರಿಂದ, ಅನೇಕ ವೇಳೆ ಇಲ್ಲಿನ ಆಕಾಶ ನಿರ್ಮಲವಾಗಿರುವಾಗಲೇ ಅಲ್ಲಿನ ಮಳೆಯ ನೀರು ಇಲ್ಲಿನ ಹೊಲಕ್ಕೆ ನುಗ್ಗುತ್ತದೆ. ಕೊಯ್ನಾ, ಹಿಡಕಲ್ ಜಲಾಶಯಗಳಿಂದ ನೀರು ಬಿಟ್ಟ ಸುದ್ದಿಯನ್ನು ಕಿವಿಯಿಂದ ಕೇಳಿಯೇ ನಂಬಬೇಕು. ಕೇಳಿದ ಮಾತಿನ ಮೇಲೆ ಮನೆ ಬಿಟ್ಟು ಏಳುವುದು ಯಾರಿಗೂ ಸುಲಭವಲ್ಲ.

ಜನರು ಆಪತ್ತಿಗೆ ಹೇಗೆ ಸಿದ್ಧರಾಗುತ್ತಾರೆ ಎಂಬುದನ್ನೇ ವಿದ್ವಾಂಸರು ಬಹುಕಾಲದಿಂದ ಅಭ್ಯಾಸ ಮಾಡುತ್ತಿದ್ದಾರೆ. ಅಮೆರಿಕದ ಹೋವರ್ಡ್ ಕುನ್ರೂಥರ್ ಮತ್ತು ಸಂಗಡಿಗರು 1978ರ ಗ್ರಂಥದಲ್ಲಿ, ನೆರೆಯ ವಿಮೆ ಅಗ್ಗದಲ್ಲಿ ದೊರೆತರೂ ಜನರು ಅದನ್ನು ಕೊಳ್ಳಲು ಹಿಂಜರಿಯುತ್ತಾರೆಂದು ತೋರಿಸಿದರು. ರಾಬರ್ಟ್ ಮೇಯರ್ ಅವರೊಡನೆ 2017ರಲ್ಲಿ ಬರೆದ ಇನ್ನೊಂದು ಗ್ರಂಥದಲ್ಲಿ ಅವರು ಇದಕ್ಕೆ ಆರು ಕಾರಣಗಳನ್ನು ಎಣಿಸಿದ್ದಾರೆ. ಹಿಂದಿನ ಪೆಟ್ಟನ್ನು ಬೇಗ ಮರೆಯುವುದು, ನಾಳೆಗಿಂತ ಇಂದಿನ ಖರ್ಚನ್ನೇ ದೊಡ್ಡದಾಗಿ ಕಾಣುವುದು, ನೆರೆಯವರು ಏನು ಮಾಡುವರೆಂದು ನೋಡಿ ಕುಳಿತುಕೊಳ್ಳುವುದು ಅವುಗಳಲ್ಲಿ ಮುಖ್ಯವಾದವು.

ಜೈನ ವಾಚಕರಿಗೆ ಈ ಪಟ್ಟಿ ಹೊಸದೆನಿಸಲಾರದು. ಇವೆಲ್ಲವೂ ಪ್ರಮಾದದ ಭೇದಗಳೇ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದೊಡನೆ ಪ್ರಮತ್ತಯೋಗವನ್ನು ಸೇರಿಸಿದ್ದಾರೆ. ನೀರು ಏರುವ ಸುದ್ದಿ ತಿಳಿದೂ ಕೊಟ್ಟಿಗೆಯ ಎಮ್ಮೆಯ ಹಗ್ಗ ಬಿಚ್ಚದೆ ಹೋದವನು ಕೊಲ್ಲುವ ಮನಸ್ಸುಳ್ಳವನಲ್ಲ. ಆದರೆ ಕಟ್ಟಿದ ಪಶುವಿನ ಸಾವನ್ನು ನದಿಯ ಲೆಕ್ಕಕ್ಕೆ ಮಾತ್ರ ಬರೆಯಲಾಗುವುದೆ? ಅಹಿಂಸಾಣುವ್ರತವನ್ನು ಊಟದ ತಟ್ಟೆಯಷ್ಟಕ್ಕೇ ಸೀಮಿತಗೊಳಿಸಿದವರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ವಿರಳ.

ಆಗುವುದೆಲ್ಲ ಕರ್ಮಫಲ, ಸಿದ್ಧತೆಯಿಂದೇನು ಎನ್ನುವವರೂ ಉಂಟು. ಚಂದ್ರಗಿರಿಯ ಮೇಲಿನ, ಸುಮಾರು ಕ್ರಿ.ಶ. 600ರ ಶಾಸನ ಅವರಿಗೆ ಉತ್ತರ ಕೊಡುತ್ತದೆ. ಉಜ್ಜಯಿನಿಯಲ್ಲಿ ಭದ್ರಬಾಹು ಸ್ವಾಮಿಗಳು ಹನ್ನೆರಡು ವರ್ಷಗಳ ವಿಪತ್ತನ್ನು ನಿಮಿತ್ತಜ್ಞಾನದಿಂದ ತಿಳಿದು ಹೇಳಿದರೆಂದೂ ಸಂಘವೆಲ್ಲ ದಕ್ಷಿಣಕ್ಕೆ ಹೊರಟಿತೆಂದೂ ಅದು ತಿಳಿಸುತ್ತದೆ. ಕರ್ಮಸಿದ್ಧಾಂತವನ್ನು ಅವರಿಗಿಂತ ಬಲ್ಲವರಾರು? ಆದರೂ ಅವರು ಕರ್ಮವೆಂದು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿಯೂ ಬೇಸಿಗೆಯಲ್ಲಿ ಬತ್ತುವ ಕೃಷ್ಣೆಯನ್ನು ಕಂಡ ರೈತರು, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ತಮ್ಮ ಹಣ ಮತ್ತು ಬೆವರಿನಿಂದ 1989ರಲ್ಲಿ ಬ್ಯಾರೇಜು ಕಟ್ಟಿ ಶ್ರಮಬಿಂದು ಸಾಗರವೆಂದು ಹೆಸರಿಟ್ಟರು. ಪುರುಷಾರ್ಥಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

ನಿಜವಾದ ತೊಡಕು ಬೇರೆ ಕಡೆಗಿದೆ. ಸಿದ್ಧತೆಯೆಂದರೆ ಕೂಡಿಡುವುದು, ಅಪರಿಗ್ರಹವೆಂದರೆ ಕೂಡಿಡದಿರುವುದು. ವ್ಯಾಪಾರಿಯಾದ ಶ್ರಾವಕನು ಯಾವುದನ್ನು ಹಿಡಿಯಬೇಕು? ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಮಿತಪರಿಗ್ರಹ ವ್ರತದ ಐದು ಅತಿಚಾರಗಳಲ್ಲಿ ಅತಿಸಂಗ್ರಹವನ್ನೂ ಎಣಿಸಿದ್ದಾರೆ. ನಿಷೇಧಿಸಿರುವುದು ಸಂಗ್ರಹವನ್ನಲ್ಲ, ಅತಿಯನ್ನು. ಆದರೆ ಅತಿ ಎಂಬುದನ್ನು ಚೀಲಗಳ ಎಣಿಕೆಯಿಂದ ನಿರ್ಣಯಿಸಲಾಗದು. ಹತ್ತು ಚೀಲ ಜೋಳವನ್ನು ನೆರೆಯ ಮರುದಿನ ಇಮ್ಮಡಿ ಬೆಲೆಗೆ ಮಾರಲು ಇಟ್ಟವನು ಅತಿಸಂಗ್ರಹಿ. ನೂರು ಚೀಲವನ್ನು ಹಂಚುವುದಕ್ಕೆಂದು ಇಟ್ಟವನು ಹಾಗಲ್ಲ.

ಕಚ್ಛದ ಭದ್ರೇಶ್ವರದ ಶ್ರಾವಕ ಜಗಡೂಶಾಹನ ಕಥೆ ಇಲ್ಲಿ ಬೆಲೆಯುಳ್ಳದ್ದು. ಹದಿಮೂರನೆಯ ಶತಮಾನದ ಮಧ್ಯಭಾಗದಲ್ಲಿ ಬರಲಿದ್ದ ಮೂರು ವರ್ಷಗಳ ಕ್ಷಾಮವನ್ನು ಗುರುಗಳಿಂದ ಮೊದಲೇ ತಿಳಿದು ಆತ ಧಾನ್ಯ ತುಂಬಿಸಿಟ್ಟನೆಂದು ಸರ್ವಾನಂದ ಸೂರಿಯ ಜಗಡೂಚರಿತ ಹೇಳುತ್ತದೆ. ರಾಜ ವೀಸಲದೇವ ಆ ಧಾನ್ಯವನ್ನು ಕೇಳಿದಾಗ, ಅದು ತನ್ನದಲ್ಲವೆಂದು ಹೇಳಿ, ಬಡವರಿಗಾಗಿ ಇಟ್ಟದ್ದೆಂದು ಬರೆದ ತಾಮ್ರಪಟಗಳನ್ನು ಉಗ್ರಾಣದಿಂದಲೇ ತೆಗೆಸಿ ತೋರಿಸಿದನಂತೆ. ಧಾನ್ಯ ಉಗ್ರಾಣದಲ್ಲಿದ್ದರೂ ಒಡೆತನವನ್ನು ಮೊದಲೇ ಬಿಟ್ಟಿದ್ದನು. ಮೂರ್ಛೆಯೇ ಪರಿಗ್ರಹವೆಂಬ ಸಿದ್ಧಾಂತವನ್ನು ಒಬ್ಬ ವರ್ತಕನು ಲೆಕ್ಕದ ಭಾಷೆಯಲ್ಲಿ ಬರೆದ ರೀತಿ ಅದು.

ಇನ್ನೊಂದು ಸಂಶೋಧನೆಯನ್ನು ಬಸದಿಯ ಟ್ರಸ್ಟಿಗಳು ಗಮನಿಸಬೇಕು. ಡೇನಿಯಲ್ ಆಲ್ಡ್ರಿಚ್ ಎಂಬ ವಿದ್ವಾಂಸರು 1995ರ ಕೋಬೆ ಭೂಕಂಪ, 2004ರ ಸುನಾಮಿ ಮೊದಲಾದವನ್ನು ಅಭ್ಯಸಿಸಿ, ಚೇತರಿಸಿಕೊಳ್ಳುವುದರಲ್ಲಿ ಹಣಕ್ಕಿಂತಲೂ ಜನರ ಪರಸ್ಪರ ಸಂಬಂಧಗಳು ಹೆಚ್ಚು ನೆರವಾಗುತ್ತವೆಂದು ಕಂಡರು. ಆದರೆ ತಮಿಳುನಾಡಿನ ಕರಾವಳಿಯಲ್ಲಿ ಅದೇ ಬಿಗಿಯಾದ ಸಂಬಂಧ ಒಳಗಿನವರಿಗೆ ಪರಿಹಾರ ತಂದು, ದಲಿತರನ್ನೂ ಇತರ ದುರ್ಬಲರನ್ನೂ ಹೊರಗಿಟ್ಟಿತೆಂಬುದನ್ನೂ ಅವರು ಬರೆದರು. ಸಮಾಜದ ಒಗ್ಗಟ್ಟನ್ನು ಹೊಗಳುವ ಭಾಷಣಗಳಲ್ಲಿ ಈ ಎರಡನೆಯ ಮಾತು ಕೇಳಿಬರುವುದಿಲ್ಲ. ಪೇಟೆಯ ವ್ಯಾಪಾರಿ ಚೀಲಗಳನ್ನು ಅಟ್ಟಕ್ಕೆ ಏರಿಸಬಲ್ಲನು. ಬನಹಟ್ಟಿಯ ನೇಕಾರನು ಮಗ್ಗವನ್ನು ಹೊತ್ತೊಯ್ಯಲಾರನು, ನದಿಯಂಚಿನ ಕೂಲಿಯವನಿಗೆ ಅಟ್ಟವೇ ಇಲ್ಲ. ಎತ್ತರದಲ್ಲಿರುವ ಸಮುದಾಯ ಭವನದ ಕೀಲಿ ಮಳೆಗಾಲದಲ್ಲಿ ಯಾರ ಬಳಿ ಇರುತ್ತದೆ, ಹಾಸಿಗೆ ಹಿಡಿದ ವೃದ್ಧರ ಪಟ್ಟಿಯಲ್ಲಿ ಜೈನೇತರ ಮನೆಗಳ ಹೆಸರುಗಳಿವೆಯೆ, ಮೇವಿನ ಬಣವೆಗೆ ಜಾಗ ಯಾವುದು ಎಂಬ ಸಣ್ಣ ಪ್ರಶ್ನೆಗಳನ್ನು ವಾರ್ಷಿಕ ಸಭೆಯಲ್ಲಿ ಕೇಳುವವರು ಬೇಕು.

ನೆರೆ ಬಾರದ ವರ್ಷ ಈ ಖರ್ಚು ಲೆಕ್ಕಪತ್ರದಲ್ಲಿ ನಷ್ಟದಂತೆ ಕಾಣುತ್ತದೆ. ಲೆಕ್ಕ ಪರಿಶೋಧಕರು ಪ್ರಶ್ನಿಸುವುದೂ ಸಹಜ. ದೀಪಾವಳಿಗೆ ಹೊಸ ವಹಿ ತೆರೆಯುವಾಗ ಜಗಡೂಶಾಹನ ತಾಮ್ರಪಟದಂತೆ ಒಂದು ಖಾತೆಯನ್ನು ಪ್ರತ್ಯೇಕವಾಗಿ ತೆರೆದು, ಆ ಧಾನ್ಯ ಹಾಳಾಗುವ ಮೊದಲು, ಸುಗ್ಗಿಗೆ ಮುಂಚಿನ ತಿಂಗಳುಗಳಲ್ಲಿ, ಅಗತ್ಯವುಳ್ಳ ಮನೆಗಳಿಗೆ ಹಂಚಿ ಹೊಸದನ್ನು ತುಂಬಿಸಬಹುದು. ಆ ಖಾತೆಗೆ ದಾನಿಯ ಹೆಸರನ್ನು ಇಡದಿರಲು ಎಷ್ಟು ಟ್ರಸ್ಟುಗಳು ಒಪ್ಪಿಯಾವು ಎಂಬುದಷ್ಟೇ ನೋಡಬೇಕಾದದ್ದು.