ಮುಟ್ಟು ಮತ್ತು ಮುಟ್ಟದವರು

ಕನ್ನಡದಲ್ಲಿ 'ಮುಟ್ಟು' ಅಂದರೆ ತಾಗು. ಹೆಣ್ಣಿನ ತಿಂಗಳ ರಕ್ತವೂ ಮುಟ್ಟೇ. 'ಹೊಲೆ' ಅಂದರೂ ಅದೇ ರಕ್ತ, ಅದೇ ಮೈಲಿಗೆ. ನಮ್ಮ ಕೇರಿಯನ್ನು ಹೀಯಾಳಿಸಲೂ ಅದೇ ಮಾತು. ಕೇರಿಯನ್ನು ಹೊರಗಿಟ್ಟವರೇ ಹೆಣ್ಣನ್ನೂ ಹೊರಗಿಟ್ಟರೆಂಬುದಕ್ಕೆ ಭಾಷೆಯೇ ಸಾಕ್ಷಿ. ಹನ್ನೆರಡನೆಯ ಶತಮಾನದ ಶರಣರು ಜಾತಿಸೂತಕದ ಜೊತೆಗೇ ರಜಸ್ಸೂತಕವನ್ನೂ ತಳ್ಳಿಹಾಕಿದರು. 2018ರ ಶಬರಿಮಲೆ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡರು ಮುಟ್ಟಾದವಳನ್ನು ಹೊರಗಿಡುವುದು ಸಂವಿಧಾನದ 17ನೇ ವಿಧಿ ನಿಷೇಧಿಸಿದ ಅಸ್ಪೃಶ್ಯತೆಯೇ ಎಂದರು.

ಹಾಗಾದರೆ ಗೆಳೆಯರೆ, ಸಭೆಯಲ್ಲಿ ಅಸ್ಪೃಶ್ಯತೆಗೆ ಧಿಕ್ಕಾರ ಕೂಗಿದವನು ಮನೆಯಲ್ಲಿ 'ಅಕಿ ಹೊರಗಾಗ್ಯಾಳ, ಒಳಗ ಬರಬ್ಯಾಡ' ಅಂದರೆ ಅದೆಂಥ ಬಂಡಾಯ?

ಮೈಲಿಗೆಯ ದಿನ ಎಣಿಸಿದವರು ನೋವನ್ನು ಎಣಿಸಲಿಲ್ಲ. ಕರ್ನಾಟಕದ ಗಡಿಸೀಮೆಗೂ ಕಬ್ಬು ಕಡಿಯಲು ಗುಳೆ ಬರುವ ಬೀಡ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಗರ್ಭಕೋಶವನ್ನೇ ತೆಗೆಸಿಕೊಂಡದ್ದು 2019ರಲ್ಲಿ ಹೊರಬಿತ್ತು. ಒಂದು ದಿನ ಕೆಲಸ ತಪ್ಪಿದರೆ ದಂಡ, ಹೊಟ್ಟೆನೋವಿಗೆ ರಜೆಯಿಲ್ಲ. 2025ರಲ್ಲಿ ಕರ್ನಾಟಕದ ಸಚಿವ ಸಂಪುಟ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿತು. ಒಳ್ಳೆಯದೇ. ಆದರೆ ಹಾಜರಿ ಪುಸ್ತಕವೇ ಇಲ್ಲದೆ ಹಿಂದವಾಡಿಯ ಮನೆಗಳಲ್ಲಿ ಭಾಂಡಿ ತಿಕ್ಕುವ ಅಕ್ಕನಿಗೆ ಆ ರಜೆ ಯಾರು ಕೊಡಬೇಕು?

ಹಕ್ಕು ಕೇಳೋಣ. ಅಲ್ಲಿತನಕ ಆ ದಿನದ ನೀರಿನ ಕೊಡ ನಾವು ಹೊರೋಣ. ನೋವು ತಡೆಯದಿದ್ದರೆ ದವಾಖಾನೆಗೆ ಕರೆದೊಯ್ಯೋಣ. ಮಾಸ್ತರರೇ, ಆ ಪಾಠ ಹಾರಿಸಬೇಡಿರಿ. ಹುಡುಗರೂ ಕೂತು ಕೇಳಲಿ.