ಕತ್ತಿನ ಶಿಲುಬೆ, ಮಣಿಕಟ್ಟಿನ ಶಿಲುಬೆ



"ಈ ಕಾಲದಲ್ಲಿ ಕ್ರೈಸ್ತರಾಗಿ ಬಾಳುವುದೇ ಕಷ್ಟ ಫಾದರ್, ಎಲ್ಲಿ ನೋಡಿದರೂ ನಮಗೆ ಹಿಂಸೆ" ಎಂಬ ಮಾತು ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಹೇಳುವವರಲ್ಲಿ ಒಬ್ಬರ ಮನಸ್ಸಿನಲ್ಲಿ 2008ರಲ್ಲಿ ಒಡಿಶಾದ ಕಂಧಮಾಲ್‌ನಲ್ಲಿ ಸುಟ್ಟುಹೋದ ಮನೆಗಳಿರುತ್ತವೆ. ಇನ್ನೊಬ್ಬರ ಮನಸ್ಸಿನಲ್ಲಿ ಟಿ.ವಿ. ಹಾಸ್ಯದಲ್ಲಿ ಗುರುಗಳನ್ನು ಗೇಲಿ ಮಾಡಿದ್ದೋ, ಕ್ರಿಸ್ಮಸ್ ಹಿಂದಿನ ದಿನ ಕಚೇರಿಯಲ್ಲಿ ರಜೆ ಸಿಗದೇ ಹೋದದ್ದೋ ಇರುತ್ತದೆ. ಎರಡಕ್ಕೂ ನಾವು ಬಳಸುವುದು ಒಂದೇ ಮಾತು, ಹಿಂಸೆ. ನಮ್ಮ ಆಡುಮಾತಿನಲ್ಲಂತೂ ಸೊಳ್ಳೆ ಕಚ್ಚಿದರೂ ಹಿಂಸೆ, ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಹಿಂಸೆ! ಆದರೆ ಧರ್ಮಸಭೆಯ ಬಾಯಲ್ಲಿ ಈ ಮಾತಿಗೆ ರಕ್ತದ ಬೆಲೆಯಿದೆ. ಆದ್ದರಿಂದ ಇದನ್ನು ಸ್ವಲ್ಪ ತೂಗಿ ನೋಡೋಣ.

ನಾದಿಯಾ ಎವೈಡಾ ಎಂಬ ಮಹಿಳೆಯ ಹೆಸರನ್ನು ನಿಮ್ಮಲ್ಲಿ ಕೆಲವರು ಪತ್ರಿಕೆಗಳಲ್ಲಿ ಓದಿರಬಹುದು. ಈಜಿಪ್ಟಿನಲ್ಲಿ ಬೆಳೆದ ಕಾಪ್ಟಿಕ್ ಕ್ರೈಸ್ತಳಾದ ಈಕೆ ಬ್ರಿಟಿಷ್ ಏರ್‌ವೇಸ್ ಸಂಸ್ಥೆಯಲ್ಲಿ ಪ್ರಯಾಣಿಕರ ತಪಾಸಣಾ ಮೇಜಿನ ಉದ್ಯೋಗಿ. 2006ರಲ್ಲಿ ಆಕೆ ತನ್ನ ಕತ್ತಿನ ಪುಟ್ಟ ಶಿಲುಬೆಯನ್ನು ಸಮವಸ್ತ್ರದ ಹೊರಗೆ ಕಾಣುವಂತೆ ಧರಿಸಿದಳು. ಒಳಗೆ ಸೇರಿಸಿಕೋ ಎಂದರು. ಒಪ್ಪಲಿಲ್ಲ. ಸೆಪ್ಟೆಂಬರಿನಲ್ಲಿ ಸಂಬಳವಿಲ್ಲದೆ ಮನೆಗೆ ಕಳುಹಿಸಿದರು. ಅದೇ ಸಂಸ್ಥೆಯಲ್ಲಿ ಸಿಖ್ಖರ ಪೇಟಕ್ಕೂ ಮುಸ್ಲಿಂ ಮಹಿಳೆಯರ ಹಿಜಾಬಿಗೂ ಅನುಮತಿಯಿತ್ತು. ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು. 2007ರ ಫೆಬ್ರವರಿಯಲ್ಲಿ ಸಂಸ್ಥೆ ತನ್ನ ನಿಯಮವನ್ನೇ ಬದಲಿಸಿತು, ಆಕೆ ಶಿಲುಬೆ ಧರಿಸಿಯೇ ಕೆಲಸಕ್ಕೆ ಮರಳಿದಳು. ಕಳೆದುಕೊಂಡ ಸಂಬಳಕ್ಕಾಗಿ ಹೂಡಿದ ದಾವೆ ಬ್ರಿಟನ್ನಿನ ನ್ಯಾಯಾಲಯಗಳಲ್ಲಿ ಸೋತರೂ, 2013ರ ಜನವರಿ 15ರಂದು ಸ್ಟ್ರಾಸ್‌ಬರ್ಗ್‌ನ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆಕೆಯ ಪರವಾಗಿ ತೀರ್ಪಿತ್ತಿತು.

ಅದೇ ದಿನ, ಅದೇ ತೀರ್ಪಿನಲ್ಲಿ, ಶರ್ಲಿ ಚಾಪ್ಲಿನ್ ಎಂಬ ನರ್ಸ್ ಸೋತಳು. ದೃಢೀಕರಣ ಸಂಸ್ಕಾರ ಪಡೆದಂದಿನಿಂದ ಧರಿಸಿದ್ದ ಶಿಲುಬೆಯ ಸರವನ್ನು ವಾರ್ಡಿನಲ್ಲಿ ತೆಗೆದಿಡಬೇಕೆಂದು ಆಸ್ಪತ್ರೆ ಹೇಳಿತ್ತು. ಆಕೆ ನೋಡಿಕೊಳ್ಳುತ್ತಿದ್ದದ್ದು ವೃದ್ಧ ರೋಗಿಗಳನ್ನು. ಗಾಬರಿಗೊಂಡ ರೋಗಿ ಸರವನ್ನು ಹಿಡಿದೆಳೆಯಬಹುದು, ತೆರೆದ ಗಾಯಕ್ಕೆ ಅದು ತಗಲಬಹುದು ಎಂಬುದು ಆಸ್ಪತ್ರೆಯ ವಾದ. ಅಲ್ಲಿ ಸಿಖ್ ನರ್ಸುಗಳಿಗೂ ಕಡಗಕ್ಕೆ ಅವಕಾಶವಿರಲಿಲ್ಲ. ಇದರ ಬಗ್ಗೆಯೂ 'ಕ್ರೈಸ್ತರ ಹಿಂಸೆ' ಎಂದು ಬರೆದವರಿದ್ದಾರೆ. ನನಗೇನೋ ನ್ಯಾಯಾಲಯ ಎರಡನ್ನೂ ಸರಿಯಾಗಿಯೇ ಬೇರ್ಪಡಿಸಿತು ಎನ್ನಿಸುತ್ತದೆ. ಕಂಪನಿಯ ಅಂದಚಂದಕ್ಕಾಗಿ ಶಿಲುಬೆಯನ್ನು ಬಚ್ಚಿಡು ಎನ್ನುವುದು ಅನ್ಯಾಯ. ಮುದುಕರ ಗಾಯದ ಸಲುವಾಗಿ ತೆಗೆದಿಡು ಎನ್ನುವುದು ಹಾಗಲ್ಲ. ಮೊದಲನೆಯದಾದರೂ ಅನ್ಯಾಯವೇ ಹೊರತು ಧರ್ಮಹಿಂಸೆಯಲ್ಲ. ಬಾಗಿಲುಗಳು ತೆರೆದಿದ್ದವು. ಪತ್ರಿಕೆ, ನ್ಯಾಯಾಲಯ, ಮೇಲ್ಮನವಿ ಎಲ್ಲವೂ ಇದ್ದವು. ಕ್ರಿಸ್ತರನ್ನು ಬಿಟ್ಟುಬಿಡು ಎಂದು ಯಾರೂ ಆಕೆಗೆ ಹೇಳಲಿಲ್ಲ.

ಹಾಗೆ ಹೇಳಿದ ಕಾಲವನ್ನು ನೋಡಬೇಕಾದರೆ ಕ್ರಿ.ಶ. 112ರ ಸುಮಾರಿಗೆ, ಇಂದಿನ ಟರ್ಕಿ ದೇಶದಲ್ಲಿದ್ದ ಬಿಥೂನಿಯ ಪ್ರಾಂತ್ಯಕ್ಕೆ ಹೋಗಬೇಕು. ರಾಜ್ಯಪಾಲ ಪ್ಲಿನಿ ಚಕ್ರವರ್ತಿ ಟ್ರಾಜನ್ನನಿಗೆ ಬರೆದ ಪತ್ರ ಉಳಿದಿದೆ. ನೀನು ಕ್ರೈಸ್ತನೇ ಎಂದು ಮೂರು ಬಾರಿ ಕೇಳುತ್ತಾನೆ. ಮೂರು ಬಾರಿಯೂ ಹೌದೆಂದವನಿಗೆ ಮರಣದಂಡನೆ. ಚಕ್ರವರ್ತಿಯ ವಿಗ್ರಹಕ್ಕೆ ಧೂಪ ಹಾಕಿ, ಕ್ರಿಸ್ತರನ್ನು ಶಪಿಸಿದವನಿಗೆ ಬಿಡುಗಡೆ. ಸಭೆಯ ಸೇವಕಿಯರೆನಿಸಿದ್ದ ಇಬ್ಬರು ದಾಸಿಯರನ್ನು ಚಿತ್ರಹಿಂಸೆಗೊಳಪಡಿಸಿದ್ದನ್ನು ಆತ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಷ್ಟು ತಣ್ಣಗೆ ಬರೆದಿದ್ದಾನೆ.

ಗಮನಿಸಬೇಕಾದ ಒಂದು ಸಂಗತಿಯಿದೆ. ಸಂತ ಪೇತ್ರರ ಮೊದಲನೆಯ ಪತ್ರ ಯಾರಿಗೆ ಬರೆದದ್ದು? ವಿಳಾಸದಲ್ಲಿ ಬಿಥೂನಿಯದ ಹೆಸರೂ ಇದೆ. ಆ ಪತ್ರದಲ್ಲಿ ಸಂಕಟದ ಮಾತು ಪುಟಪುಟದಲ್ಲೂ ಬರುತ್ತದೆ, ಆದರೆ ಅದು ಹೆಚ್ಚಾಗಿ ನಿಂದೆ, ಅಪಪ್ರಚಾರ, ನೆರೆಹೊರೆಯವರ ಕುಹಕ. ಹಳೆಯ ಗೆಳೆಯರು ಕುಡಿತದ ಕೂಟಕ್ಕೆ ಬಾರದವನನ್ನು ಹಂಗಿಸುತ್ತಾರೆ. ಜೊತೆಗೆ ಪ್ರೇಷಿತರು ಒಂದು ಕಟುವಾದ ಎಚ್ಚರಿಕೆಯನ್ನೂ ಸೇರಿಸುತ್ತಾರೆ: ಕಳ್ಳನೆಂದೋ ಪರರ ವಿಷಯದಲ್ಲಿ ತಲೆಹಾಕುವವನೆಂದೋ ಕಷ್ಟ ಅನುಭವಿಸಿದರೆ ಅದನ್ನು ಕ್ರಿಸ್ತರ ಲೆಕ್ಕಕ್ಕೆ ಬರೆಯಬೇಡಿ ಎಂದು. ನಮ್ಮ ಸಂಸ್ಥೆಯೊಂದರ ಲೆಕ್ಕಪತ್ರದ ದೋಷವನ್ನು ಯಾರಾದರೂ ಎತ್ತಿ ತೋರಿಸಿದ ತಕ್ಷಣ 'ಅಲ್ಪಸಂಖ್ಯಾತರ ಮೇಲೆ ದಬ್ಬಾಳಿಕೆ' ಎಂದು ಕೂಗುವವರು ಈ ವಾಕ್ಯವನ್ನು ಮತ್ತೊಮ್ಮೆ ಓದಬೇಕು. ಆದರೂ ಕುಹಕವನ್ನು ಕೇವಲ ಕುಹಕವೆಂದು ತಳ್ಳಿಹಾಕುವಂತಿಲ್ಲ. ಪೇತ್ರರ ಪತ್ರದಲ್ಲಿ ನಿಂದೆ ಕೇಳಿದ ಅದೇ ಪ್ರಾಂತ್ಯದಲ್ಲಿ ಪ್ಲಿನಿ ಮರಣದಂಡನೆ ವಿಧಿಸಿದ.

ಎವೈಡಾ ಸೇರಿದ್ದ ಕಾಪ್ಟಿಕ್ ಸಭೆಯ ಜನರಲ್ಲಿ ಅನೇಕರು ಬಲಗೈಯ ಮಣಿಕಟ್ಟಿನ ಮೇಲೆ ಪುಟ್ಟ ಶಿಲುಬೆಯನ್ನು ಹಚ್ಚೆ ಹೊಯ್ಯಿಸಿಕೊಳ್ಳುತ್ತಾರೆ. ಕತ್ತಿನ ಶಿಲುಬೆಯನ್ನು ಅಂಗಿಯೊಳಗೆ ಸೇರಿಸಬಹುದು, ಮಣಿಕಟ್ಟಿನದನ್ನು ತೆಗೆದಿಡಲಾಗದು. ನಮ್ಮ ಕರಾವಳಿಯ ಹುಡುಗರು ಗಲ್ಫಿಗೆ ಹೋಗುವಂತೆ, ಈಜಿಪ್ಟಿನ ಮಿನ್ಯಾ ಪ್ರಾಂತ್ಯದ ಬಡ ಹಳ್ಳಿಗಳ ಯುವಕರು ಕೂಲಿಗಾಗಿ ಲಿಬಿಯಾಕ್ಕೆ ಹೋಗಿದ್ದರು. ಅಂಥ 20 ಮಂದಿಯನ್ನೂ, ಅವರೊಡನಿದ್ದ ಆಫ್ರಿಕಾದ ಘಾನಾ ದೇಶದವನೊಬ್ಬನನ್ನೂ 2015ರ ಫೆಬ್ರವರಿಯಲ್ಲಿ ಉಗ್ರರು ಸಮುದ್ರ ತೀರದಲ್ಲಿ ಮಂಡಿಯೂರಿಸಿ ಕತ್ತು ಕೊಯ್ದರು. ಕೊನೆಯ ಗಳಿಗೆಯಲ್ಲಿ ಅವರ ತುಟಿಗಳ ಮೇಲೆ ಯೇಸುವಿನ ನಾಮವಿತ್ತು. ಇಬ್ಬರು ಸೋದರರನ್ನು ಕಳೆದುಕೊಂಡವನೊಬ್ಬ ಟಿ.ವಿ.ಯಲ್ಲಿ ಮಾತನಾಡುತ್ತಾ, ಕೊಂದವನು ಮನೆಬಾಗಿಲಿಗೆ ಬಂದರೆ ತನ್ನ ತಾಯಿ ಅವನನ್ನು ಒಳಗೆ ಕರೆಯುವಳು ಎಂದ. ರೋಮಿನೊಡನೆ ಪೂರ್ಣ ಐಕ್ಯದಲ್ಲಿಲ್ಲದ ಸಭೆಯವರಾದರೂ ಅವರ ಹೆಸರುಗಳನ್ನು ಪೋಪ್ ಫ್ರಾನ್ಸಿಸ್ 2023ರಲ್ಲಿ ನಮ್ಮ ರಕ್ತಸಾಕ್ಷಿಗಳ ಪಟ್ಟಿಗೆ ಸೇರಿಸಿದರು. ರಜೆ ಸಿಗದ ದುಃಖವನ್ನೂ ಇದನ್ನೂ ಒಂದೇ ಪದದಿಂದ ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಹಾಗಾದರೆ ಧರ್ಮನಿರಪೇಕ್ಷ ರಾಷ್ಟ್ರದಲ್ಲಿ ನಿಜವಾದ ಹಿಂಸೆ ಇಲ್ಲವೇ? ಇದೆ. 'ಜಾತ್ಯತೀತ' ಎಂಬ ಪದ 1976ರಲ್ಲಿ ನಮ್ಮ ಸಂವಿಧಾನದ ಪ್ರಸ್ತಾವನೆಗೆ ಸೇರಿತು. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ದಾಳಿಕೋರರು ನುಗ್ಗಿದಾಗ ಆ ಪದ ಪುಸ್ತಕದಲ್ಲೇ ಇತ್ತು. ಮೌನ ಪ್ರಾರ್ಥನೆಯಲ್ಲಿ ಬಾಳುವ ಕನ್ಯಾಸ್ತ್ರೀಯರ ಮಠವದು. ಪರಮಪ್ರಸಾದದ ಮಂಜೂಷವನ್ನೇ ಅವರು ಬಿಡಲಿಲ್ಲ. ಅಂದು ಪೂಜಾವಿಧಿಯ ಪಂಚಾಂಗದಲ್ಲಿ ಪವಿತ್ರ ಶಿಲುಬೆಯ ಹಬ್ಬ. ಇಂಥದನ್ನು ಹಿಂಸೆಯೆಂದು ಕರೆಯಲು ಹಿಂಜರಿಯಬೇಕಾಗಿಲ್ಲ. ಆದರೆ ಕರೆಯುವಾಗ ಕೇಳುವವರು ನಂಬಬೇಕಾದರೆ, ಚಿಲ್ಲರೆ ವಿಷಯಗಳಿಗೆ ಆ ಪದವನ್ನು ನಾವು ಮೊದಲೇ ಖರ್ಚು ಮಾಡಿರಬಾರದು.

ಅನ್ಯಾಯವಾದಾಗ ಸುಮ್ಮನಿರುವುದೇ ಕ್ರೈಸ್ತ ತಾಳ್ಮೆ ಎಂದು ತಿಳಿದವರೂ ಇದ್ದಾರೆ. ಸಂತ ಪೌಲರು ಹಾಗೆ ತಿಳಿದಿರಲಿಲ್ಲ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಛಡಿಯೇಟು ಕೊಟ್ಟು ಸೆರೆಗೆ ಹಾಕಿ, ಬೆಳಿಗ್ಗೆ ಸದ್ದಿಲ್ಲದೆ ಹೊರಟುಹೋಗಿ ಎಂದಾಗ, ತಾವು ರೋಮಿನ ಪೌರರೆಂದು ತಿಳಿಸಿ, ಅಧಿಕಾರಿಗಳೇ ಬಂದು ಕರೆದೊಯ್ಯಲಿ ಎಂದು ಪಟ್ಟುಹಿಡಿದರು. ಅವರು ಬಂದು ಬೇಡಿಕೊಂಡರು. ಹಿಂದಿನ ರಾತ್ರಿ ಅದೇ ಸೆರೆಮನೆಯಲ್ಲಿ ಸ್ತುತಿಗೀತೆ ಹಾಡಿದವರೂ ಪೌಲರೇ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರ ಘೋಷಣೆಯಲ್ಲಿ ಧರ್ಮಸ್ವಾತಂತ್ರ್ಯವನ್ನು ಕಥೋಲಿಕರ ಸವಲತ್ತಾಗಿ ಕೇಳಲಿಲ್ಲ. ಮಾನವನ ಘನತೆಯಲ್ಲೇ ಬೇರೂರಿದ, ಪ್ರತಿಯೊಬ್ಬನ ಹಕ್ಕಾಗಿ ಸಾರಿತು. ಆದ್ದರಿಂದ ನಮ್ಮ ನೆರೆಯ ಮುಸ್ಲಿಂ ಹುಡುಗಿಗೆ ಅನ್ಯಾಯವಾದಾಗ ಬಾಯಿ ಮುಚ್ಚಿಕೊಂಡು, ನಮ್ಮ ಸರದಿ ಬಂದಾಗ ಸಂವಿಧಾನದ 25ನೆಯ ವಿಧಿಯನ್ನು ಓದಿ ಹೇಳುವುದು ನಮಗೆ ಒಪ್ಪುವುದಿಲ್ಲ.

ನಮ್ಮ ಧರ್ಮಕೇಂದ್ರಗಳ ಎಷ್ಟೋ ಹೆಣ್ಣುಮಕ್ಕಳು ಈಗ ಬ್ರಿಟನ್ನಿನ ಆಸ್ಪತ್ರೆಗಳಲ್ಲಿದ್ದಾರೆ. ರಜೆಗೆ ಬಂದಿದ್ದ ಒಬ್ಬಾಕೆ, ಕೆಲಸದ ವೇಳೆ ಶಿಲುಬೆಯ ಸರವನ್ನು ಲಾಕರಿನಲ್ಲಿಡುತ್ತೇನೆ, ಪೇತ್ರನಂತೆ ನಾನೂ ಅಲ್ಲಗಳೆದ ಹಾಗಾಗುತ್ತದೆಯೇ ಎಂದು ಅಳುಕುತ್ತಾ ಕೇಳಿದಳು. ಇಲ್ಲಮ್ಮಾ, ರೋಗಿಯ ಸಲುವಾಗಿ ತೆಗೆದಿಟ್ಟದ್ದು ನಿರಾಕರಣೆಯಲ್ಲ ಎಂದೆ. ಭಾನುವಾರದ ಪೂಜೆ? ಡ್ಯೂಟಿ ಇರುತ್ತದೆ, ಹೋಗಲಾಗುವುದಿಲ್ಲ ಎಂದಳು. ಸಮಯ ಬದಲಿಸಿಕೊಡಿ ಎಂದು ಕೇಳಿದ್ದೀಯಾ ಎಂದೆ. ಏನಂದುಕೊಳ್ಳುತ್ತಾರೋ ಎಂದು ಒಮ್ಮೆಯೂ ಕೇಳಿರಲಿಲ್ಲ. ಹಿಂತಿರುಗಿದ ಮೇಲೆ ಕೇಳಿದಳಂತೆ. ಈಗ ತಿಂಗಳಿಗೆ ಎರಡು ಭಾನುವಾರ ಬೆಳಗಿನ ಬಿಡುವು ಸಿಕ್ಕಿದೆ. ಉಳಿದ ವಾರಗಳಲ್ಲಿ ಶನಿವಾರ ಸಂಜೆಯ ಪೂಜೆಗೆ ಬಸ್ಸು ಹಿಡಿದು ಹೋಗುತ್ತಾಳೆ.